ಏಣಿ ಇಡುವ ಮುನ್ನ ತಲೆ ಎತ್ತಿ ನೋಡಿ

ಬೋರ್ಡು, ಫ್ಲೆಕ್ಸು, ವಾಹನಗಳ ವಿನೈಲ್ ಕೆಲಸದಲ್ಲಿರುವವರು ಬರೆದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇನೆ. ನಾಲ್ಕು ಮಹಾರಾಷ್ಟ್ರದಿಂದ ಬಂದವು. 2027ರ ನಾಶಿಕ್ ಕುಂಭಮೇಳಕ್ಕೆ ಆ ಭಾಗದಲ್ಲಿ ಬೋರ್ಡಿನ ಕೆಲಸ ಏರುತ್ತದೆ, ನಮ್ಮ ಕಡೆಯ ಹುಡುಗರು ಇನ್ನಷ್ಟು ಮಂದಿ ಅಲ್ಲಿಗೆ ಹೋಗುತ್ತಾರೆ. ಆದ್ದರಿಂದ ಮೊದಲ ಪತ್ರಕ್ಕೆ ಉದ್ದವಾಗಿಯೇ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನವನು, ವಯಸ್ಸು 23. ಚಾಂದವಡ್‌ನಲ್ಲಿ ಮುಂಬೈ–ಆಗ್ರಾ ಹೆದ್ದಾರಿ ಪಕ್ಕದ ರೇಡಿಯಂ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಹಗಲು ಲಾರಿಗಳಿಗೆ ರೇಡಿಯಂ ಅಂಟಿಸುತ್ತೇವೆ, ಸಂಜೆಯ ಮೇಲೆ ಢಾಬಾ, ಹೋಟೆಲುಗಳ ಬೋರ್ಡು ಏರಿಸುತ್ತೇವೆ. ಈಗ ಒಂದು ಢಾಬಾದ ಮಾಳಿಗೆಯ ಮೇಲೆ 20 ಅಡಿ ಎತ್ತರ, 10 ಅಡಿ ಅಗಲದ ಪೈಪಿನ ಫ್ರೇಮ್ ನಿಲ್ಲಿಸಬೇಕಾಗಿದೆ. ಪಕ್ಕದಲ್ಲೇ ಮೂರು ತಂತಿಯ ಲೈನ್ ಹೋಗಿದೆ. ರಬ್ಬರ್ ಚಪ್ಪಲಿ ಹಾಕಿಕೊಂಡು ಮಾಡಿದರೆ ಏನೂ ಆಗುವುದಿಲ್ಲ ಎನ್ನುತ್ತಾರೆ ಮಾಲೀಕರು. ತಂತಿ ಎಷ್ಟು ದೂರವಿದ್ದರೆ ಧೈರ್ಯವಾಗಿ ಮಾಡಬಹುದು ಸರ್?
— ಚಾಂದವಡ್‌ನ ಓದುಗ

ಉತ್ತರ: ತಮ್ಮಾ, ಲೈನ್ ಬಂದ್ ಮಾಡಿಸದೆ ಈ ಕೆಲಸಕ್ಕೆ ಕೈ ಹಾಕಬೇಡ. ಇದನ್ನು ಮೊದಲು ಹೇಳಿ ಆಮೇಲೆ ಕಾರಣಕ್ಕೆ ಬರುತ್ತೇನೆ.

ಕಂಬದ ತುದಿಯಲ್ಲಿ ಪಿಂಗಾಣಿ ಬಟ್ಟಲುಗಳ ಮೇಲೆ ಕೂತು ಹೋಗುವ ಮೂರು ತಂತಿಯ ಲೈನ್ ಸಾಮಾನ್ಯವಾಗಿ 11 ಕೆ.ವಿ.ಯದು, ಅಂದರೆ 11,000 ವೋಲ್ಟ್. ನಿನ್ನ ಅಂಗಡಿಯ ಪ್ಲಗ್ಗಿನಲ್ಲಿ ಬರುವುದು 230. ಆ ತಂತಿಗೆ ಮೇಲ್ಹೊದಿಕೆ ಇರುವುದಿಲ್ಲ, ಬರೀ ಲೋಹ. ರಬ್ಬರ್ ಚಪ್ಪಲಿ, ಒಣ ಬಿದಿರು, ಪ್ಲಾಸ್ಟಿಕ್ ಹಗ್ಗ, ಇವೆಲ್ಲ 11,000 ವೋಲ್ಟಿನ ಮುಂದೆ ಲೆಕ್ಕಕ್ಕಿಲ್ಲ. ಬಿದಿರಾಗಲಿ ಹಗ್ಗವಾಗಲಿ ಇಬ್ಬನಿಯಲ್ಲಿ ನೆಂದಿದ್ದರೆ ಅದೇ ತಂತಿಯಾಗುತ್ತದೆ.

2024ರ ಜನವರಿ 8, ನಟ ಯಶ್ ಅವರ ಹುಟ್ಟುಹಬ್ಬ. ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ಅಭಿಮಾನಿ ಹುಡುಗರು ನಡುರಾತ್ರಿ ಕಟೌಟ್ ನಿಲ್ಲಿಸುತ್ತಿದ್ದರು. ಅದರ ಲೋಹದ ಚೌಕಟ್ಟು ವಿದ್ಯುತ್ ತಂತಿಗೆ ತಾಗಿತು. ಮೂವರು ಸತ್ತರು, ಮೂವರು ಗಾಯಗೊಂಡರು. ಸತ್ತವರೆಲ್ಲ ಇಪ್ಪತ್ತರ ಆಸುಪಾಸಿನವರು, ನಿನಗಿಂತ ಚಿಕ್ಕವರು. ಅವರು ಈ ಕಸುಬಿನವರಲ್ಲ ಎಂದು ಹೇಳಿ ನಾವು ನುಣುಚಿಕೊಳ್ಳುವಂತಿಲ್ಲ. ನಾವು ಎತ್ತುವುದೂ ಅಂಥದೇ ಚೌಕಟ್ಟು, ಮಲಗಿಸಿ ಹಗ್ಗ ಕಟ್ಟಿ ಎಬ್ಬಿಸುವುದೂ ಹಾಗೆಯೇ, ಎಷ್ಟೋ ಸಲ ಹೊತ್ತೂ ಅದೇ ನಡುರಾತ್ರಿ.

ದೂರದ ಲೆಕ್ಕ ಕೇಳಿದ್ದೀಯ. ನಮ್ಮ ದೇಶದ ವಿದ್ಯುತ್ ನಿಯಮದ ಪ್ರಕಾರ 11 ಕೆ.ವಿ. ತಂತಿ ಕಟ್ಟಡದಿಂದ ಅಡ್ಡಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ದೂರವಿರಬೇಕು. ಬಹಳ ಮಂದಿ ಈ ಅಂಕಿಯನ್ನು ಹಿಡಿದು 'ನಾಲ್ಕಡಿ ಇದ್ದರೆ ಸಾಕು' ಅನ್ನುತ್ತಾರೆ. ಇದು ಅಲುಗಾಡದೆ ನಿಂತ ಗೋಡೆಗೆ ಹೇಳಿದ ಮಾತು. ಇಪ್ಪತ್ತಡಿ ಕಬ್ಬಿಣವನ್ನು ಕೈಯಲ್ಲಿ ಹಿಡಿದು ಓಲಾಡುವ ನಾಲ್ಕು ಜನರಿಗೆ ಹೇಳಿದ್ದಲ್ಲ. ಇಂಥ ಲೈನಿನ ಹತ್ತಿರ ಮನುಷ್ಯನಾಗಲಿ ಅವನ ಕೈಯ ಸಾಮಾನಾಗಲಿ 10 ಅಡಿಯೊಳಗೆ ಬರಬಾರದು ಎಂಬುದು ಅಮೆರಿಕದ ಕೆಲಸಗಾರರ ನಿಯಮ. ಅದು ಬುದ್ಧಿವಂತರ ನಿಯಮ, ನಾನೂ ಅದನ್ನೇ ಹಿಡಿದಿದ್ದೇನೆ. ಎಬ್ಬಿಸುವಾಗ ಫ್ರೇಮ್ ಕೈಜಾರಿದರೆ ತನ್ನ ಎತ್ತರದಷ್ಟು ದೂರಕ್ಕೆ ಬೀಳುತ್ತದೆ. ಆದ್ದರಿಂದ ನಿನ್ನ ಫ್ರೇಮಿನ 20 ಅಡಿ, ಅದರ ಮೇಲೆ 10 ಅಡಿ, ಒಟ್ಟು 30 ಅಡಿಯೊಳಗೆ ತಂತಿ ಇದ್ದರೆ ಲೈನ್ ಬಂದ್ ಆಗಲೇಬೇಕು. ಬೇಸಿಗೆಯ ಮಧ್ಯಾಹ್ನ ತಂತಿ ಕಾಯ್ದು ಇನ್ನಷ್ಟು ಜೋತುಬಿದ್ದಿರುತ್ತದೆ. ಬೆಳಿಗ್ಗೆ ಅಳೆದ ದೂರ ಮೂರು ಗಂಟೆಗೆ ಇರುವುದಿಲ್ಲ.

ಗಾಳಿಯನ್ನು ಹಗುರಾಗಿ ಎಣಿಸಬೇಡ. ಸಾತಮಾಳ ಬೆಟ್ಟಸಾಲಿನ ಊರಿನಲ್ಲಿರುವ ನಿನಗೆ ಗಾಳಿ ಅಂದರೇನು ಎಂದು ನಾನು ಹೇಳಬೇಕಿಲ್ಲ, ಲೆಕ್ಕ ಮಾತ್ರ ಹೇಳುತ್ತೇನೆ. ಫ್ಲೆಕ್ಸ್ ಬಿಗಿದ 200 ಚದರಡಿ ಫ್ರೇಮಿಗೆ ಗಂಟೆಗೆ 40 ಕಿ.ಮೀ. ಗಾಳಿ ನೇರ ಬಡಿದರೆ ಸುಮಾರು 140 ಕೆ.ಜಿ. ತಳ್ಳಿದ ಹಾಗೆ. ಗಾಳಿ 60ಕ್ಕೆ ಏರಿದರೆ ಅದೇ ಫ್ರೇಮಿಗೆ 300 ಕೆ.ಜಿ. ದಾಟುತ್ತದೆ. ವೇಗ ಒಂದೂವರೆ ಪಟ್ಟಾದರೆ ತಳ್ಳುವ ಬಲ ಎರಡೂಕಾಲು ಪಟ್ಟಾಗುತ್ತದೆ. ನಾಲ್ಕು ಹುಡುಗರ ಹಗ್ಗ ಇದನ್ನು ತಡೆಯುವುದಿಲ್ಲ. ಅದಕ್ಕೇ ಫ್ರೇಮನ್ನು ಬರಿದಾಗಿ ಎಬ್ಬಿಸಿ, ಬೋಲ್ಟು ಬಿಗಿದು, ಹಿಂದಿನ ಆಸರೆ ಪೈಪುಗಳನ್ನು ಕೂರಿಸಿದ ಮೇಲೆ ಫ್ಲೆಕ್ಸ್ ಕಟ್ಟಬೇಕು. ನೆಲದ ಮೇಲೆಯೇ ಫ್ಲೆಕ್ಸ್ ಬಿಗಿದು ಎಬ್ಬಿಸಿದರೆ ಅರ್ಧ ಗಂಟೆ ಉಳಿಯುತ್ತದೆ. ಆ ಅರ್ಧ ಗಂಟೆಯ ಆಸೆಗೆ ಬೀಳಬೇಡ.

ಬಂದ್ ಮಾಡಿಸುವುದು ನಿನ್ನ ಕೆಲಸವಲ್ಲ. ನಿನ್ನ ಮಾಲೀಕರು ಅಥವಾ ಢಾಬಾದವರು ಅಲ್ಲಿನ ವಿದ್ಯುತ್ ಕಂಪನಿ ಮಹಾವಿತರಣದ ಸ್ಥಳೀಯ ಕಚೇರಿಗೆ ಬರವಣಿಗೆಯಲ್ಲಿ ಕೇಳಬೇಕು, ದಿನ, ಹೊತ್ತು ಗೊತ್ತುಮಾಡಿಕೊಳ್ಳಬೇಕು. ಲೈನ್‌ಮನ್ ಬಂದು, ಲೈನ್ ಕಡಿದು, ಅಲ್ಲಿಯೇ ಅರ್ಥಿಂಗ್ ಸರಪಳಿ ಹಾಕಿ, 'ಈಗ ಹತ್ತಿ' ಎಂದು ತಾನೇ ಹೇಳಬೇಕು. 'ಕರೆಂಟ್ ಹೋಗಿದೆ, ಬೇಗ ಮಾಡಿ' ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ ಹತ್ತಬೇಡ. ತಾನಾಗಿ ಹೋದ ಕರೆಂಟು ಯಾವ ಕ್ಷಣದಲ್ಲಾದರೂ ಬರುತ್ತದೆ.

ಬಂದ್ ಸಿಗದಿದ್ದರೆ ಬೋರ್ಡನ್ನು ಮಾಳಿಗೆಯ ಆಚೆ ಬದಿಗೆ ಸರಿಸಿ, ಇಲ್ಲವೇ ಎತ್ತರ ಇಳಿಸಿ ಗೋಡೆಗೆ ಕೂರಿಸಿ. ಹೆದ್ದಾರಿಯಲ್ಲಿ ಹೋಗುವವನಿಗೆ ಹತ್ತಡಿ ಬೋರ್ಡೂ ಕಾಣುತ್ತದೆ.

ಒಂದು ವೇಳೆ ಫ್ರೇಮ್ ತಂತಿಗೆ ತಾಗಿ ಜೊತೆಯವನು ಸಿಕ್ಕಿಬಿದ್ದರೆ ಅವನನ್ನು ಎಳೆಯಲು ಹೋಗಬೇಡ, ಕೋಲಿನಿಂದಲೂ ಬೇಡ. ಒಬ್ಬನನ್ನು ಬಿಡಿಸಲು ಹೋಗಿ ಮತ್ತಿಬ್ಬರು ಸಾಯುವುದು ಈ ಕಸುಬಿನಲ್ಲಿ ಪದೇಪದೇ ಆಗಿದೆ. 1912ಕ್ಕೆ, 108ಕ್ಕೆ ಫೋನ್ ಮಾಡು, ಜನರನ್ನು ದೂರ ನಿಲ್ಲಿಸು. ಲೈನ್ ಕಡಿದದ್ದು ಖಚಿತವಾದ ಮೇಲೆ ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಆಳಕ್ಕೆ ಒತ್ತುತ್ತಿರಬೇಕು, ಆಂಬುಲೆನ್ಸ್ ಬರುವವರೆಗೆ.

ಮಾಲೀಕರ ಎದುರು ಇದನ್ನೆಲ್ಲ ಹೇಳುವುದು ನಿನಗೆ ಕಷ್ಟ, ನನಗೆ ಗೊತ್ತು. ಈ ಪುಟವನ್ನೇ ಓದಿ ಹೇಳು.

ಪ್ರಶ್ನೆ: ಲಾರಿಗೆ ರೇಡಿಯಂ ಅಂಟಿಸುವಾಗ ಕಟರ್ ಬ್ಲೇಡಿನಿಂದ ದಿನವೂ ಬೆರಳು ಕೊಯ್ದುಕೊಳ್ಳುತ್ತೇವೆ. ಗ್ಲೌಸ್ ಹಾಕಿದರೆ ಸ್ಟಿಕ್ಕರ್ ಹಿಡಿತಕ್ಕೆ ಸಿಗುವುದಿಲ್ಲ. ಏನು ಮಾಡುವುದು?
— ಮನಮಾಡದಿಂದ

ಉತ್ತರ: ಬ್ಲೇಡ್ ಹಿಡಿಯದ ಕೈಗೆ ಮಾತ್ರ ತೆಳುವಾದ, ಕೊಯ್ತ ತಡೆಯುವ ಗ್ಲೌಸ್ ಹಾಕಿ. ಕೊಯ್ಯುವುದು ಹೆಚ್ಚಾಗಿ ಆ ಕೈಯನ್ನೇ. ಮೊಂಡಾದ ಬ್ಲೇಡಿಗೆ ಬಲ ಹೆಚ್ಚು ಬೇಕು, ಬಲ ಹಾಕಿದಾಗಲೇ ಜಾರುವುದು, ಆದ್ದರಿಂದ ತುದಿಯನ್ನು ಆಗಾಗ ಮುರಿಯಿರಿ. ಮುರಿದ ಚೂರು ನೆಲಕ್ಕಲ್ಲ, ಮುಚ್ಚಳವಿರುವ ಡಬ್ಬಿಗೆ. ಇದಕ್ಕಿಂತ ದೊಡ್ಡ ಅಪಾಯ ಬೆನ್ನ ಹಿಂದಿದೆ. ಹೆದ್ದಾರಿಯ ಅಂಚಿನಲ್ಲಿ ನಿಂತ ಲಾರಿಯ ರಸ್ತೆ ಬದಿಗೆ ಹೋಗಿ ಕೆಲಸ ಮಾಡಬೇಡಿ, ಅಂಗಳಕ್ಕೆ ತರಿಸಿಕೊಳ್ಳಿ. ಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿಯ ಕೀಲಿ ನಿಮ್ಮ ಜೇಬಿಗೆ ಬಂದ ಮೇಲೆ ಹಿಂಬದಿಗೆ ಹೋಗಿ. ನೀವು ಅಂಟಿಸುವ ಕೆಂಪು ಪಟ್ಟಿ ರಾತ್ರಿ ಹಿಂದಿನಿಂದ ಬರುವವನ ಜೀವ ಉಳಿಸುತ್ತದೆ. ಅದನ್ನು ಅಂಟಿಸುವವನ ಜೀವವೂ ಅಷ್ಟೇ ಮುಖ್ಯ.

ಪ್ರಶ್ನೆ: ನಾಶಿಕ್‌ನ ಸಾತಪುರ ಕೈಗಾರಿಕಾ ಪ್ರದೇಶದಲ್ಲಿ ಸೈನ್‌ಬೋರ್ಡ್ ತಂಡವೊಂದರ ಸೂಪರ್‌ವೈಸರ್ ನಾನು. ಸೇಫ್ಟಿ ಬೆಲ್ಟ್ ತಂದುಕೊಟ್ಟಿದ್ದೇವೆ, ಹುಡುಗರು ಹಾಕುವುದಿಲ್ಲ, ಹಾಕಿದರೂ ಕೊಕ್ಕೆ ಸಿಕ್ಕಿಸುವುದಿಲ್ಲ.
— ನಾಶಿಕ್ ಓದುಗ

ಉತ್ತರ: ಹುಡುಗರನ್ನು ಬೈಯುವ ಮುನ್ನ ಮೂರು ವಿಷಯ ನೋಡಿ ಸರ್. ಬೆಲ್ಟ್ ಬರೀ ಸೊಂಟಕ್ಕೆ ಕಟ್ಟುವಂಥದಾದರೆ ಅದನ್ನು ಕೊಡಲೇಬೇಡಿ. ಬಿದ್ದಾಗ ಅದು ಹೊಟ್ಟೆ, ಬೆನ್ನುಮೂಳೆಗಳನ್ನೇ ಹಿಂಡುತ್ತದೆ. ಭುಜ, ತೊಡೆ ಎರಡನ್ನೂ ಹಿಡಿಯುವ ಫುಲ್ ಬಾಡಿ ಹಾರ್ನೆಸ್ ಬೇಕು, ಐ.ಎಸ್. 3521 ಗುರುತಿರುವುದು.

ಇನ್ನು ಕೊಕ್ಕೆ ಎಲ್ಲಿಗೆ ಹಾಕಬೇಕು ಎಂದು ಹುಡುಗರಿಗೆ ತೋರಿಸಿದ್ದೀರಾ? ತೋರಿಸದಿದ್ದರೆ ಅವರು ಬೋರ್ಡಿನ ಫ್ರೇಮಿಗೇ ಹಾಕುತ್ತಾರೆ, ಇಲ್ಲವೇ ಎ.ಸಿ.ಪಿ. ಶೀಟಿನ ಹಿಂದಿನ ತೆಳು ಪೈಪಿಗೆ. ಎರಡೂ ಮನುಷ್ಯ ಬಿದ್ದ ಹೊಡೆತ ತಾಳುವುದಿಲ್ಲ. ಕಟ್ಟಡದ ಕಂಬ, ತೊಲೆಯಂಥ ಗಟ್ಟಿ ಜಾಗವೇ ಆಗಬೇಕು, ಅದೂ ತಲೆಗಿಂತ ಮೇಲೆ. ಹಗ್ಗ 1.8 ಮೀಟರ್, ಹೊಡೆತ ತಗ್ಗಿಸುವ ಪಟ್ಟಿ ಬಿಚ್ಚಿಕೊಂಡರೆ ಇನ್ನೂ ಹೆಚ್ಚುಕಡಿಮೆ ಅಷ್ಟೇ, ಅದರ ಮೇಲೆ ಆಳಿನ ಎತ್ತರ. ಕೊಕ್ಕೆ ಕಾಲ ಮಟ್ಟದಲ್ಲಿದ್ದರೆ ಅವನು ಸುಮಾರು ಹದಿನೇಳಡಿ ಕೆಳಗೆ ಬಂದು ನಿಲ್ಲುತ್ತಾನೆ. ಹನ್ನೆರಡಡಿ ಎತ್ತರದ ಅಂಗಡಿ ಬೋರ್ಡಿಗೆ ಇಂಥ ಹಗ್ಗ ಕಟ್ಟಿದರೆ ನೆಲ ಮುಟ್ಟಿದ ಮೇಲೆ ಹಗ್ಗ ಬಿಗಿಯುತ್ತದೆ. ಅಲ್ಲಿಗೆ ಸಾರುವೆಯೇ ಸರಿ. ಏಣಿಯೇ ಗತಿಯಾದರೆ ನಾಲ್ಕಡಿ ಎತ್ತರಕ್ಕೆ ಒಂದಡಿಯಂತೆ ಬುಡವನ್ನು ಗೋಡೆಯಿಂದ ಹೊರಗಿಡಿ, ತುದಿಯನ್ನು ಕಟ್ಟಿ, ಕೆಳಗೊಬ್ಬ ಹಿಡಿದಿರಲಿ. ಅಲ್ಯೂಮಿನಿಯಂ ಏಣಿ ತಂತಿಯ ಸುತ್ತಮುತ್ತ ಬೇಡ.

ಕೊನೆಯದು, ನೇತಾಡುತ್ತಿರುವವನನ್ನು ಇಳಿಸುವುದು ಹೇಗೆ? ಹಾರ್ನೆಸ್‌ನಲ್ಲಿ ಅಲುಗಾಡದೆ ತೂಗಿದರೆ ರಕ್ತ ಕಾಲಿನಲ್ಲಿ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಅಗ್ನಿಶಾಮಕದವರು ಬರುವವರೆಗೆ ಕಾಯುವ ಹೊತ್ತು ಇರುವುದಿಲ್ಲ. ಹತ್ತುವ ಮೊದಲೇ ಇಳಿಸುವ ಏಣಿ ಎಲ್ಲಿದೆ, ಯಾರು ಹತ್ತುತ್ತಾರೆ ಎಂದು ಹೇಳಿಟ್ಟುಕೊಳ್ಳಿ. ಈ ಮೂರೂ ಸರಿಯಿದ್ದು ಹುಡುಗ ಕೊಕ್ಕೆ ಹಾಕದಿದ್ದರೆ ಆಗ ಕೆಳಗಿಳಿಸಿ ಮನೆಗೆ ಕಳಿಸಿ.

ಹಳೆಯ ಹೋರ್ಡಿಂಗ್ ಬಿಚ್ಚುವ ಕೆಲಸ ಬಂದರೆ ಇನ್ನೂ ಎಚ್ಚರ. ಪುಣೆಯ ಜೂನಾ ಬಾಜಾರ್ ಬಳಿ 2018ರ ಅಕ್ಟೋಬರ್ 5ರಂದು ಹೋರ್ಡಿಂಗ್ ತೆಗೆಯುತ್ತಿದ್ದಾಗ ಅದರ ಚೌಕಟ್ಟು ಸಿಗ್ನಲ್‌ನಲ್ಲಿ ನಿಂತಿದ್ದವರ ಮೇಲೆ ಬಿದ್ದು ನಾಲ್ವರು ಸತ್ತರು. ಬಿಚ್ಚುವುದು ಯಾವಾಗಲೂ ಮೇಲಿನಿಂದ ಕೆಳಕ್ಕೆ, ತುಂಡು ತುಂಡಾಗಿ, ಕೆಳಗಿನ ರಸ್ತೆ ಮುಚ್ಚಿಸಿ. ಕೊಯಮತ್ತೂರಿನ ಕರುಮತ್ತಂಪಟ್ಟಿ ಬಳಿ 2023ರ ಜೂನ್ 1ರಂದು ಹೋರ್ಡಿಂಗ್ ಮೇಲೆ ಕೆಲಸ ನಡೆಯುತ್ತಿದ್ದಾಗಲೇ ಗಾಳಿಗೆ ಅದು ಕುಸಿದು ಮೂವರು ಕಾರ್ಮಿಕರು ಸತ್ತರು. ಮುಂಬೈನ ಘಾಟ್‌ಕೋಪರ್‌ನಲ್ಲಿ 2024ರ ಮೇ 13ರಂದು 17 ಜನರ ಜೀವ ತೆಗೆದ ಹೋರ್ಡಿಂಗ್ 120 ಅಡಿಗೆ 120 ಅಡಿ ಇತ್ತು. ಪಾಲಿಕೆಯ ಮಿತಿ 40ಕ್ಕೆ 40. ಹತ್ತುವ ಹುಡುಗನಿಗೆ ಈ ಪರವಾನಗಿಯ ವಿಷಯ ತಿಳಿಯುವುದಿಲ್ಲ, ತಿಳಿದುಕೊಳ್ಳಬೇಕಾದವರು ನೀವು.

ಪ್ರಶ್ನೆ: ನಮ್ಮ ಯಜಮಾನರು ಛತ್ರಪತಿ ಸಂಭಾಜಿನಗರದಲ್ಲಿ ಕಾರುಗಳಿಗೆ ವಿನೈಲ್ ರ್‍ಯಾಪ್ ಮಾಡುತ್ತಾರೆ. ಧೂಳು ಬರಬಾರದೆಂದು ಶಟರ್ ಎಳೆದು ಒಳಗೇ ಕೆಲಸ. ರಾತ್ರಿ ತಲೆನೋವು ಎನ್ನುತ್ತಾರೆ, ಬಟ್ಟೆಗೆಲ್ಲ ಥಿನ್ನರ್ ವಾಸನೆ.
— ಓದುಗರೊಬ್ಬರು

ಉತ್ತರ: ಅಕ್ಕ, ನೀವು ಬರೆದದ್ದು ಒಳ್ಳೆಯದಾಯಿತು. ಅವರೇ ಆಗಿದ್ದರೆ ಇಷ್ಟಕ್ಕೆಲ್ಲ ಬರೆಯುತ್ತಿರಲಿಲ್ಲ.

ಬಾಡಿ ಒರೆಸುವ ಸ್ಪಿರಿಟ್, ಹಳೆ ಗೋಂದು ತೆಗೆಯುವ ಥಿನ್ನರ್, ಅಂಚಿಗೆ ಹಚ್ಚುವ ಪ್ರೈಮರ್, ಮೂರೂ ಆವಿಯಾಗಿ ಗಾಳಿಗೆ ಸೇರುವಂಥವು. ಶಟರ್ ಮುಚ್ಚಿದರೆ ಆವಿ ಅಲ್ಲಿಯೇ ನಿಲ್ಲುತ್ತದೆ, ತಲೆನೋವು ಅದರ ಮೊದಲ ಸೂಚನೆ. ಬಟ್ಟೆಯ ಮಾಸ್ಕ್ ಆಗಲಿ ಎನ್-95 ಆಗಲಿ ಧೂಳು ತಡೆಯುತ್ತವೆ, ಆವಿಯನ್ನಲ್ಲ. ಅದಕ್ಕೆ ಕರಿ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಅದಕ್ಕೂ ಮೊದಲು ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಗಾಳಿ ಒಳಬರುವ ಕಡೆ ಫಿಲ್ಟರ್ ಬಟ್ಟೆ ಕಟ್ಟಿದರೆ ಧೂಳಿನ ಚಿಂತೆಯೂ ತೀರುತ್ತದೆ.

ತಲೆನೋವಿಗಿಂತ ನನ್ನನ್ನು ಹೆದರಿಸುವುದು ಬೆಂಕಿ. ಆ ಸ್ಪಿರಿಟ್, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, 12 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಹೀಟ್ ಗನ್ನಿನ ಬಾಯಲ್ಲಿ 500 ಡಿಗ್ರಿ ದಾಟುತ್ತದೆ. ಎರಡೂ ಒಂದೇ ಮುಚ್ಚಿದ ಕೋಣೆಯಲ್ಲಿ! ಒರೆಸಿ, ಡಬ್ಬಿ ಮುಚ್ಚಿ, ಒರೆಸಿದ ಬಟ್ಟೆಯನ್ನು ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ, ಬಾಡಿ ಪೂರ್ತಿ ಒಣಗಿದ ಮೇಲೆಯೇ ಗನ್ ಹಚ್ಚಬೇಕು. ಅಂಚು ಕೂರಿಸಲು ವಿನೈಲ್‌ಗೆ ಬೇಕಾದದ್ದು 90 ಡಿಗ್ರಿಯ ಆಸುಪಾಸು. ಹೊಗೆ ಬಂತೆಂದರೆ ವಿನೈಲ್ ಸುಡುತ್ತಿದೆ, ಆ ಹೊಗೆಯಲ್ಲಿ ಗಂಟಲು, ಶ್ವಾಸಕೋಶ ಸುಡುವ ಆಮ್ಲವಿದೆ. ಗೋಂದು ತೆಗೆಯಲು ಪೆಟ್ರೋಲ್ ಬಳಸುತ್ತಿದ್ದರೆ ಇವತ್ತೇ ನಿಲ್ಲಿಸಲು ಹೇಳಿ. ಥಿನ್ನರನ್ನು ನೀರಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸವಂತೂ ಬೇಡವೇ ಬೇಡ, ಬಾಯಾರಿದವನು ನೋಡದೆ ಎತ್ತಿ ಕುಡಿಯುತ್ತಾನೆ.

ಪ್ರಶ್ನೆ: ನನ್ನದು ಸಣ್ಣ ಪ್ರಿಂಟಿಂಗ್ ಅಂಗಡಿ. ಬೋರ್ಡು ಏರಿಸುವ ಹುಡುಗರು ನನ್ನ ಸಂಬಳದವರಲ್ಲ, ಬೋರ್ಡಿಗೆ ಇಷ್ಟು ಎಂದು ಗುತ್ತಿಗೆ. ಯಾರಾದರೂ ಬಿದ್ದರೆ ನಾನು ಜವಾಬ್ದಾರನೇ?
— ನಿಪ್ಪಾಣಿಯಿಂದ

ಉತ್ತರ: ಹೌದು. ನಿಮ್ಮ ವ್ಯಾಪಾರದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟರೂ ಪರಿಹಾರದ ಹೊಣೆ ಮೊದಲು ನಿಮ್ಮ ಮೇಲೆ ಬರುತ್ತದೆ, ಆಮೇಲೆ ನೀವು ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು. 1923ರ ಪರಿಹಾರ ಕಾಯ್ದೆಯಿಂದ ಬಂದ ತತ್ವ ಇದು. ಸಾವಾದರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸಿ ಲೆಕ್ಕ. ತಿಂಗಳಿಗೆ 15,000 ದುಡಿಯುವ 25 ವರ್ಷದವನಿಗೆ ಗುಣಕ 216.91, ಮೊತ್ತ 16,26,825 ರೂಪಾಯಿ. ಸಣ್ಣ ಅಂಗಡಿ ಇದರಿಂದ ಮತ್ತೆ ಏಳುವುದಿಲ್ಲ. ಕಾರ್ಮಿಕ ಪರಿಹಾರದ ವಿಮೆ ಇಂದೇ ಮಾಡಿಸಿ. ಹುಡುಗರ ಬ್ಯಾಂಕ್ ಖಾತೆಯಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾವನ್ನೂ ಮಾಡಿಸಿ, ಅದು 2 ಲಕ್ಷ ಕೊಡುತ್ತದೆ.

ಆದರೆ ನಿಮ್ಮ ಪ್ರಶ್ನೆ ಬಿದ್ದ ಮೇಲಿನದು. ಬೀಳುವ ಮೊದಲಿನದನ್ನು ನಾನು ಕೇಳುತ್ತೇನೆ: ಆರ್ಡರ್ ಒಪ್ಪುವ ಮುನ್ನ ಜಾಗಕ್ಕೆ ಹೋಗಿ ನೋಡುತ್ತೀರಾ? ಈಗೆಲ್ಲ ಗಿರಾಕಿ ಮೊಬೈಲಿನಲ್ಲಿ ಗೋಡೆಯ ಫೋಟೋ ಕಳಿಸುತ್ತಾನೆ, ಅಳತೆ ಹೇಳುತ್ತಾನೆ, ದರ ಕುದುರುತ್ತದೆ. ಗೋಡೆಯ ಫೋಟೋದಲ್ಲಿ ತಂತಿ ಬರುವುದಿಲ್ಲ. ಅದು ಮೊದಲು ಕಾಣುವುದು ಏಣಿ ಹತ್ತಿದ ಹುಡುಗನಿಗೆ, ಅಷ್ಟು ಹೊತ್ತಿಗೆ ಬೋರ್ಡು ಪ್ರಿಂಟಾಗಿದೆ, ಮುಂಗಡ ಬಂದಿದೆ, ಬೆಳಿಗ್ಗೆ ಉದ್ಘಾಟನೆ ಇದೆ. ಆಗ ಅವನು ಆಗದು ಎನ್ನಲಾರ. ಆಗದು ಎನ್ನಲು ಸಾಧ್ಯವಿರುವುದು ಆರ್ಡರ್ ಪುಸ್ತಕ ಕೈಯಲ್ಲಿ ಹಿಡಿದ ನಿಮಗೆ ಮಾತ್ರ. ಮುಂದಿನ ಬೋರ್ಡಿಗೆ ದರ ಹೇಳುವ ಮೊದಲು ದಯವಿಟ್ಟು ಹಗಲಿನಲ್ಲಿ ಒಮ್ಮೆ ಅಲ್ಲಿಗೆ ಹೋಗಿ ನಿಂತು, ಮೇಲೆ ನೋಡಿ.