ಹಗ್ಗ ಹಿಡಿಯುವ ವಿಶ್ವಾಸ

ವಾಕ್ಯಭಾಗ: ಮಾರ್ಕ 2:1-12

ದೊಡ್ಡಬೆಳವಂಗಲದ ತೋಟದ ಬಾವೀಲಿ ನನಗೆ ಈಜು ಕಲಿಸಿದ್ದು ನಮ್ಮ ಚಿಕ್ಕಪ್ಪ. ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ನಿಂತು ಹಿಡ್ಕೊಂಡಿರೋರು. ಇವತ್ತು ಆ ಕೈ ಲೋಟ ಹಿಡಿಯಲ್ಲ. ಮೋಟಾರ್ ನ್ಯೂರಾನ್ ಕಾಯಿಲೆ. ಸ್ನಾಯುಗಳನ್ನು ನಡೆಸುವ ನರಕೋಶಗಳೇ ಸಾಯುತ್ತಾ ಹೋಗುತ್ತವೆ. ರಿಲುಜೋಲ್ ಮಾತ್ರೆ ವೇಗ ಸ್ವಲ್ಪ ತಗ್ಗಿಸುತ್ತೆ, ಗುಣಪಡಿಸಲ್ಲ.

ಹೋದ ಶನಿವಾರ ಈ ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸೋಕೆ ಬೆಂಗಳೂರಿನ ಈಜುಕೊಳದಲ್ಲಿ 20 ಸುತ್ತು ಈಜಿದೆ. ಒಬ್ಬ ತಮ್ಮ ಕೇಳಿದ: “ಪಾಸ್ಟರ್, ಸ್ವಸ್ಥತೆಗೆ ಪ್ರಾರ್ಥನೆ ಮಾಡ್ತೀವಲ್ಲ, ಮತ್ತೆ ಇದ್ಯಾಕೆ? ವಿಶ್ವಾಸ ಇಲ್ವಾ?”

ಕಪೆರ್ನೌಮಿನ ಆ ನಾಲ್ವರನ್ನು ನೋಡಿ. ಜನಸಂದಣಿಯಲ್ಲಿ ಒಳಗೆ ಹೋಗೋಕೆ ದಾರಿ ಸಿಗಲಿಲ್ಲ. ಚಾವಣಿ ಬಿಚ್ಚಿ ರೋಗಿಯನ್ನು ಇಳಿಸಿದರು. ಯೇಸು ಅದನ್ನು ಅವಿಶ್ವಾಸ ಅನ್ನಲಿಲ್ಲ. ಅದರಲ್ಲೇ ಅವರ ವಿಶ್ವಾಸವನ್ನು ಕಂಡನು.

2014ರಲ್ಲಿ ಜನ ತಲೆ ಮೇಲೆ ಐಸ್ ನೀರು ಸುರ್ಕೊಂಡಿದ್ದು ತಮಾಷೆ ಅಂದ್ಕೊಂಡ್ವಿ. ಆ ಹಣದ ನೆರವಿಂದಲೇ 2016ರಲ್ಲಿ ಈ ಕಾಯಿಲೆಗೆ ನಂಟಿರುವ ಒಂದು ಜೀನ್ ಗೊತ್ತಾಯಿತು. ದಕ್ಷಿಣ ಭಾರತದಲ್ಲೇ ಹೆಚ್ಚಾಗಿ ಕಾಣುವ, ಎಳೇ ವಯಸ್ಸಿನವರಿಗೆ ಬರುವ ‘ಮದ್ರಾಸ್’ ಬಗೆಯನ್ನು ನಮ್ಮ ನಿಮ್ಹಾನ್ಸ್ ವೈದ್ಯರು ಅಧ್ಯಯನ ಮಾಡಿದ್ದಾರೆ. ಇದೂ ಚಾವಣಿ ಬಿಚ್ಚುವ ಕೆಲಸವೇ.

ಚಿಕ್ಕಪ್ಪನಿಗೆ ಇನ್ನೂ ಗುಣವಾಗಿಲ್ಲ. ನಾನು ಪ್ರಾರ್ಥನೆ ನಿಲ್ಲಿಸಿಲ್ಲ. ಈ ವಾರ ನೀವು ಒಬ್ಬ ರೋಗಿಯ ಹತ್ತಿರ ಒಂದು ಗಂಟೆ ಕೂತ್ಕೊಳ್ಳಿ. ಆ ಮನೆಯವರು ಸ್ವಲ್ಪ ಮಲಗಲಿ. ಸ್ವಸ್ಥತೆ ಕರ್ತನ ಕೈಲಿದೆ. ನಮ್ಮ ಕೈಲಿರೋ ಹಗ್ಗ ಬಿಡೋದು ಬೇಡ. ಆಮೆನ್.