ಹೆಡ್‌ಫೋನ್‌ನಲ್ಲಿ ಪಿಯಾನೊ ಪಿಸುಗುಟ್ಟಿದರೆ

ಪ್ರಶ್ನೆ: ಪುಣೆಯ ಕೋಥರೂಡ್‌ನಲ್ಲಿ ಫ್ಲ್ಯಾಟ್‌ನಲ್ಲಿದ್ದೇವೆ. ಪಕ್ಕದ ಮನೆಯವರಿಗೆ ತೊಂದರೆ ಬೇಡವೆಂದು ಮಗಳು ಹೆಡ್‌ಫೋನ್ ಹಾಕಿಕೊಂಡು ಡಿಜಿಟಲ್ ಪಿಯಾನೊ ನುಡಿಸುತ್ತಾಳೆ. ವಾಲ್ಯೂಮ್ ಪೂರ್ತಿ ಏರಿಸಿದರೂ ಸದ್ದು ಕ್ಷೀಣ. ಪಿಯಾನೊ ಕೆಟ್ಟಿದೆಯೇ?

ಉತ್ತರ: ಸ್ಪೀಕರ್‌ನಲ್ಲಿ ಸದ್ದು ಸರಿಯಾಗಿ ಬರುತ್ತಿದ್ದರೆ ಪಿಯಾನೊ ಮೇಲಿನ ಅನುಮಾನ ಆಮೇಲಿರಲಿ. ಮೊದಲು ಪಿನ್ ನೋಡಿ. ಯಮಾಹಾ ಪಿ-45ರಂಥ ಪಿಯಾನೊಗಳ ಜಾಕ್ 6.35 ಮಿ.ಮೀ.; ಮೊಬೈಲ್ ಹೆಡ್‌ಫೋನ್ ಪಿನ್ 3.5. ನಡುವಿನ ಅಡಾಪ್ಟರ್ ಸ್ಟೀರಿಯೊ ಆಗಿರಬೇಕು, ಅಂದರೆ ಅದರ ಲೋಹದ ಕಡ್ಡಿಯ ಮೇಲೆ ಎರಡು ಕಪ್ಪು ಪಟ್ಟಿ. ಒಂದೇ ಪಟ್ಟಿಯಿದ್ದರೆ ಅದು ಮಾನೊ, ಬೇಡ. ಮೈಕ್ ಇರುವ ಹೆಡ್‌ಫೋನ್ ಪಿನ್ನಿಗೆ ಮೂರು ಪಟ್ಟಿ. ಕೆಲವು ಜಾಕ್‌ಗಳಲ್ಲಿ ಅದು ಸರಿಯಾಗಿ ಕೂರದೆ ಸದ್ದು ಟೊಳ್ಳಾಗುತ್ತದೆ. ಪಿನ್ನನ್ನು ಟಕ್ ಎನ್ನುವವರೆಗೂ ಒತ್ತಿ. ಅರ್ಧ ತೂರಿಸಿ ಬಿಟ್ಟಿರುವುದೇ ಎಷ್ಟೋ ಮನೆಗಳ ರೋಗ!

ಹೆಡ್‌ಫೋನ್ ಮೇಲೆ 250 ಓಮ್ ಎಂದಿದೆಯೇ? ಅಂಥ ಸ್ಟುಡಿಯೊ ಹೆಡ್‌ಫೋನ್‌ಗೆ ಪಿಯಾನೊದ ಪುಟ್ಟ ಆಂಪ್ಲಿಫೈಯರ್ ಸಾಲದು. 32 ಓಮ್ ಆಸುಪಾಸಿನದ್ದನ್ನು ಯಾರಿಂದಲಾದರೂ ಎರವಲು ತಂದು ಹಚ್ಚಿ ನೋಡಿ. ಬ್ಲೂಟೂತ್ ಹೆಡ್‌ಫೋನ್ ಬೇಡ. ಕೀಲಿ ಒತ್ತಿದ ಮೇಲೆ ಸ್ವರ ತಡವಾಗಿ ಕೇಳಿದರೆ ತಾಳವೇ ತಪ್ಪುತ್ತದೆ.

ಅಡಾಪ್ಟರ್‌ಗೆ ಬುಧವಾರ ಪೇಟೆಯ ತಾಪಕೀರ್ ಗಲ್ಲಿಗೆ ಹೋಗಿ, ಹೆಡ್‌ಫೋನನ್ನೂ ಒಯ್ಯಿರಿ. ಬೇರೆ ಹೆಡ್‌ಫೋನ್‌ನಲ್ಲೂ ಸದ್ದು ಕ್ಷೀಣವೇ ಆದರೆ ಜಾಕ್ ಸವೆದಿರಬಹುದು. ಆಗ ನೀವೇ ಬಿಚ್ಚಬೇಡಿ, ಕಂಪನಿಯ ಸರ್ವಿಸ್ ಸೆಂಟರ್‌ಗೆ ಕೊಡಿ.