ಕಸವೂ ಕಸವರವೂ: ಮನೆಯ ತ್ಯಾಜ್ಯ ವಿಂಗಡಣೆಯ ಒಂದು ವಿವೇಚನೆ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ನೋಡಬಂದವರು ಸಾಮಾನ್ಯವಾಗಿ ಎರಡು ಸ್ಥಳಗಳನ್ನು ನೋಡದೆ ಹಿಂದಿರುಗುವುದಿಲ್ಲ. ಒಂದು, ಗಾಳಿಯೂ ಮೋಡವೂ ಆಟವಾಡುವ ಜೋಗಿಮಟ್ಟಿ. ಮತ್ತೊಂದು, ಬೆಟ್ಟಗಳ ಮಡಿಲಲ್ಲಿ ಅಡಗಿರುವ ಚಂದ್ರವಳ್ಳಿ. ಚಂದ್ರವಳ್ಳಿಯ ಬಂಡೆಯೊಂದರ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಅದು ಒಂದು ಕೆರೆಯ ಕೆಲಸವನ್ನು ದಾಖಲಿಸುತ್ತದೆ. ಅದೇ ಪರಿಸರದಲ್ಲಿ 1929ರ ಸುಮಾರಿಗೆ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಸರ್ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳು, ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು, ಬಗೆಬಗೆಯ ಮಡಕೆಯ ಚೂರುಗಳು ಅಲ್ಲಿ ದೊರೆತವು. ನಾಣ್ಯಗಳನ್ನು ಬಿಟ್ಟರೆ ಉಳಿದುದೇನು? ಅಂದಿನ ಗೃಹಿಣಿಯರು ಒಡೆಯಿತೆಂದು ಹೊರಗೆಸೆದ ಗಡಿಗೆ, ಕುಡಿಕೆಗಳು! ಇತಿಹಾಸಕಾರರು ಸ್ತರಸ್ತರವಾಗಿ ಓದಿದ ಆ ಮಣ್ಣಿನ ಗ್ರಂಥದಲ್ಲಿ ಬಹುಪಾಲು ಪುಟಗಳು ಪ್ರಾಚೀನರ ಕಸದಿಂದಲೇ ಆದವು.

ಆ ಕಸ ಎರಡು ಸಾವಿರ ವರ್ಷ ನೆಲದಲ್ಲಿದ್ದೂ ನೆಲವನ್ನು ಕೆಡಿಸಲಿಲ್ಲ. ಮಣ್ಣಿನಿಂದ ಬಂದ ಮಡಕೆ ಮಣ್ಣಿನ ಮಗ್ಗುಲಲ್ಲಿಯೇ ಮಲಗಿತ್ತು. ಇಂದು ಜೋಗಿಮಟ್ಟಿಯ ತಿರುವುಗಳಲ್ಲಿ ಪ್ರವಾಸಿಗಳು ಬಿಸುಟು ಹೋಗುವ ನೀರಿನ ಬಾಟಲಿ, ಚಿಪ್ಸಿನ ಪೊಟ್ಟಣಗಳ ಸ್ವಭಾವ ಅಂತಹದಲ್ಲ. ಅವು ಕೊಳೆಯುವುದಿಲ್ಲ, ಬಿಸಿಲಿಗೆ ಬಿರುಕುಬಿಟ್ಟು ಕಣಕಣವಾಗುತ್ತವೆ, ಮಳೆಗೆ ಹರಿದು ಹೊಂಡ-ಕೆರೆಗಳನ್ನು ಸೇರುತ್ತವೆ. ಗುಡ್ಡದ ಮಂಗಗಳಿಗೆ ಅದು ಆಹಾರವೆಂಬ ಭ್ರಾಂತಿ. ಆದುದರಿಂದ ಕಸವನ್ನು ಕುರಿತ ವಿಚಾರ ಇಂದು ಕೇವಲ ನಗರಸಭೆಯ ಕಡತಕ್ಕೆ ಸೇರಿದುದಲ್ಲ. ಅದು ಪ್ರತಿ ಮನೆಯ ಅಡಿಗೆಮನೆಯಲ್ಲಿ ಆರಂಭವಾಗಬೇಕಾದ ಧರ್ಮವಿಚಾರ.

ತಿಪ್ಪೆಯ ಘನತೆ

'ಕಸ' ಎಂಬುದು ಇಂದು ತಿರಸ್ಕಾರದ ಮಾತು. ಹಳಗನ್ನಡದಲ್ಲಿ 'ಕಸವರ' ಎಂದರೆ ಬಂಗಾರ. ಇವೆರಡಕ್ಕೂ ಧಾತುಸಂಬಂಧವಿದೆಯೆಂದು ಇಲ್ಲಿ ವಾದಿಸುತ್ತಿಲ್ಲ, ಧ್ವನಿಸಾಮ್ಯವನ್ನಷ್ಟೇ ಗಮನಿಸಬೇಕು. ಆದರೆ ಲೋಕವ್ಯವಹಾರದಲ್ಲಿ ಈ ಎರಡರ ನಡುವಣ ಅಂತರ ಬಹಳ ಕಿರಿದು. ಬೇರ್ಪಡಿಸಿದರೆ ಕಸವರ, ಬೆರೆಸಿದರೆ ಕಸ.

ಹಳ್ಳಿಯ ರೈತನಿಗೆ ಇದು ಹೊಸ ವಿಷಯವಲ್ಲ. ಸೆಗಣಿ, ಬೂದಿ, ಮೇವಿನ ಉಳಿಕೆ, ತರಕಾರಿಯ ಸಿಪ್ಪೆ ಎಲ್ಲವೂ ತಿಪ್ಪೆಗುಂಡಿಗೆ ಬೀಳುತ್ತಿದ್ದವು. ಮುಂಗಾರಿಗೆ ಮುನ್ನ ಗೊಬ್ಬರವಾಗಿ ಬಂಡಿಯೇರಿ ಹೊಲ ಸೇರುತ್ತಿದ್ದವು. ದೀಪಾವಳಿಯಲ್ಲಿ ತಿಪ್ಪೆಗೂ ಒಂದು ಹಣತೆಯನ್ನಿಡುವ ಪದ್ಧತಿ ಹಳ್ಳಿಗಳಲ್ಲಿ ಉಂಟು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಭಕ್ತಿಯಿಂದ ಈ ಜಿಲ್ಲೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪಮ್ಮ ಎಂಬ ಹೆಸರುಗಳು ಮನೆಮನೆಯಲ್ಲೂ ಕೇಳಿಬರುತ್ತವೆ. ತಿಪ್ಪೆಯೆಂಬ ಶಬ್ದವನ್ನು ಹೆಸರಾಗಿ ಹೊರಲು ನಾಚದ ನಾಡು ಇದು.

ಅಂದಿನ ಮನೆಯಲ್ಲಿ ವಿಂಗಡಣೆಯ ಪ್ರಶ್ನೆ ಏಳದಿರಲು ಕಾರಣ ಸ್ಪಷ್ಟ. ಕೊಳೆಯದ ವಸ್ತುಗಳು ಮನೆಯಲ್ಲಿ ಕೆಲವೇ ಇದ್ದವು, ಅವುಗಳಿಗೂ ಬೆಲೆಯಿತ್ತು. ಹಳೆಯ ಕಬ್ಬಿಣ, ತೂತುಬಿದ್ದ ತಾಮ್ರದ ಪಾತ್ರೆ, ಗಾಜಿನ ಸೀಸೆ, ಹಳೆಯ ಪತ್ರಿಕೆ ಗುಜರಿಯವನ ತಕ್ಕಡಿಗೆ ಹೋಗುತ್ತಿದ್ದವು. ಹಳೆಯ ಸೀರೆ ಕೌದಿಯಾಗುತ್ತಿತ್ತು. ಪ್ಲಾಸ್ಟಿಕ್ ಚೀಲ ಬಂದ ಮೇಲೆ ಈ ಕ್ರಮ ಕೆಟ್ಟಿತು. ಅನ್ನದೊಡನೆ ಬ್ಲೇಡು, ಸಿಪ್ಪೆಯೊಡನೆ ಔಷಧಿಯ ಸೀಸೆ, ಎಲ್ಲವೂ ಒಂದೇ ಚೀಲದಲ್ಲಿ ಗಂಟುಬಿದ್ದು ಬೀದಿಯ ತಿರುವಿಗೆ ಬಂದವು. ತಿಪ್ಪೆ ಕಣ್ಮರೆಯಾಗಿ ಕಸದ ರಾಶಿ ತಲೆಯೆತ್ತಿತು. ತಿಪ್ಪೆ ಗೊಬ್ಬರವನ್ನು ಕೊಡುತ್ತದೆ. ಕಸದ ರಾಶಿ ಸೊಳ್ಳೆ, ದುರ್ಗಂಧ, ಬೀದಿನಾಯಿಗಳನ್ನು ಕೊಡುತ್ತದೆ.

ನಿಯಮಗಳು ಬೆಳೆದು ಬಂದ ಬಗೆ

1994ರಲ್ಲಿ ಸೂರತ್ ನಗರದಲ್ಲಿ ಪ್ಲೇಗು ಕಾಣಿಸಿಕೊಂಡಾಗ ನಗರನೈರ್ಮಲ್ಯದ ದುಃಸ್ಥಿತಿ ದೇಶಕ್ಕೆಲ್ಲ ಅರಿವಾಯಿತು. 1996ರಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು ಸರ್ವೋಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಸಲ್ಲಿಸಿದರು. ಅದರ ಫಲವಾಗಿ 2000ದಲ್ಲಿ ನಗರದ ಘನತ್ಯಾಜ್ಯವನ್ನು ಕುರಿತ ಪ್ರಥಮ ನಿಯಮಾವಳಿ ಜಾರಿಗೆ ಬಂದಿತು. 2016ರ ನಿಯಮಾವಳಿಯು ವಿಂಗಡಣೆಯ ಹೊಣೆಯನ್ನು ಕಸ ಉತ್ಪಾದಿಸುವವನ ಮೇಲೆಯೇ ಹೊರಿಸಿ, ಮನೆಯಲ್ಲಿಯೇ ಹಸಿ, ಒಣ, ಅಪಾಯಕಾರಿ ಎಂದು ಮೂರು ಬಗೆಯಾಗಿ ಬೇರ್ಪಡಿಸಬೇಕೆಂದು ವಿಧಿಸಿತು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಪ್ರಕಟವಾದ ಹೊಸ ನಿಯಮಾವಳಿಯಲ್ಲಿ ಇದು ನಾಲ್ಕಾಯಿತು: ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ, ವಿಶೇಷ ಜಾಗ್ರತೆಯ ಕಸ. ಕರ್ನಾಟಕ ಸರ್ಕಾರವು 2016ರ ಮಾರ್ಚಿಯಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ಮುಂತಾದವನ್ನು ನಿಷೇಧಿಸಿತ್ತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶಾದ್ಯಂತ ನಿಷೇಧ ಬಂದಿತು.

ನಿಯಮವಿದ್ದೂ ನಡೆಯದಿದ್ದರೆ ಏನಾಗುವುದೆಂಬುದಕ್ಕೆ ರಾಜಧಾನಿಯೇ ನಿದರ್ಶನ. ಬೆಂಗಳೂರಿನ ಬೆರೆತ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರುಗಳಲ್ಲಿ ಸುರಿದುದರಿಂದ ಆ ಗ್ರಾಮಗಳ ಬಾಳು ದುರ್ಭರವಾಯಿತು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ಬೆಟ್ಟವಾಯಿತು. ಮಂಡೂರಿನ ಜನರ ಹೋರಾಟದಿಂದ 2014ರ ಕೊನೆಗೆ ಅಲ್ಲಿಯೂ ಸುರಿಯುವುದು ನಿಂತಿತು. ನಗರದವನು ಬೇರ್ಪಡಿಸದ ಕಸದ ಋಣವನ್ನು ಹಳ್ಳಿಯವನು ತನ್ನ ಬಾವಿಯ ನೀರಿನಿಂದ ತೀರಿಸಬೇಕಾಗಿ ಬಂದುದು ನ್ಯಾಯವೆ? ಇದಕ್ಕೆ ಪ್ರತಿಯಾಗಿ ಮೈಸೂರಿನ ಕುಂಬಾರಕೊಪ್ಪಲಿನ ಘಟಕದಲ್ಲಿ ಬಡಾವಣೆಯ ಕಸವನ್ನು ಬೇರ್ಪಡಿಸಿ, ಹಸಿಯದನ್ನು ಗೊಬ್ಬರಮಾಡಿ, ಒಣಗಿದುದನ್ನು ಮಾರಿ ತೋರಿಸಿದರು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರು ಪ್ರಥಮಸ್ಥಾನ ಪಡೆದುದು ಆಕಸ್ಮಿಕವಲ್ಲ.

ಬೇರ್ಪಡಿಸುವ ಕ್ರಮ

ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ನೀಲಿ ಬುಟ್ಟಿ ಎಂಬ ಸಂಕೇತ ರೂಢಿಯಲ್ಲಿದೆ. ಎರಡು ಬುಟ್ಟಿ, ಎರಡು ಸಣ್ಣ ಡಬ್ಬ ಇದ್ದರೆ ಯಾವ ಮನೆಯೂ ಈ ಕೆಲಸ ಮಾಡಬಹುದು.

ಹಸಿ ಕಸವೆಂದರೆ ಕೊಳೆಯುವುದೆಲ್ಲ: ಉಳಿದ ಅನ್ನ, ಸಿಪ್ಪೆ, ಚಹದ ಚರಟ, ಮೊಟ್ಟೆಯ ಚಿಪ್ಪು, ಪೂಜೆಯ ಹೂ, ಉಂಡ ಬಾಳೆಯೆಲೆ. ಇದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡುವುದು ದೊಡ್ಡ ತಪ್ಪು. ಕಟ್ಟಿದ ಗಂಟನ್ನು ಮತ್ತೊಬ್ಬರು ಕೈಯಿಂದ ಬಿಚ್ಚಬೇಕಾಗುತ್ತದೆ. ತೆಂಗಿನ ಚಿಪ್ಪು, ಮಾವಿನ ವಾಟೆಗಳು ಕೊಳೆಯುವ ಜಾತಿಯವೇ ಆದರೂ ನಿಧಾನಿಗಳು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆ ತೆಂಗು ಅಡಕೆಗಳ ಸಿಪ್ಪೆ ಹೇರಳ. ಅವು ಮರಗಳ ಬುಡಕ್ಕೆ ಮುಚ್ಚಿಗೆಯಾಗಿ ತೇವವನ್ನು ಕಾಯಬಲ್ಲವು. ಅವನ್ನು ಸುಡುವುದು ಬರದ ನಾಡಿಗೆ ಒಪ್ಪುವ ಕೆಲಸವಲ್ಲ.

ಒಣ ಕಸವೆಂದರೆ ಕಾಗದ, ರಟ್ಟು, ಪ್ಲಾಸ್ಟಿಕ್, ಲೋಹ, ಗಾಜು, ಚಿಂದಿಬಟ್ಟೆ, ರಬ್ಬರು. ಇದರ ಮೊದಲ ನಿಯಮ 'ಒಣಗಿರಬೇಕು' ಎಂಬುದು. ಹಾಲಿನ ಪೊಟ್ಟಣವನ್ನು ಕೊಯ್ಯುವಾಗ ಮೂಲೆಯ ಚೂರು ಪೂರ್ಣವಾಗಿ ಬೇರೆಯಾಗದಂತೆ ಕೊಯ್ದು, ತೊಳೆದು, ಒಣಗಿಸಿ ಇಟ್ಟರೆ ಅದು ಮಾರಾಟದ ವಸ್ತು. ಹಾಲಿನ ಜಿಡ್ಡಿನೊಡನೆ ಎಸೆದರೆ ನಾರುವ ಕೊಳೆ. ಸಾರು ಸುರಿದ ಕಾಗದವನ್ನು ಯಾವ ಗುಜರಿಯವನೂ ಕೊಳ್ಳುವುದಿಲ್ಲ. ಒಂದು ಹಿಡಿ ಹಸಿ ಕಸ ಒಂದು ಚೀಲ ಒಣ ಕಸದ ಬೆಲೆಯನ್ನು ಕಳೆಯುತ್ತದೆ. ಹೊಳೆಯುವ ಬಹುಪದರದ ತಿಂಡಿಯ ಪೊಟ್ಟಣಗಳಲ್ಲಿ ಪ್ಲಾಸ್ಟಿಕ್ಕೂ ಲೋಹದ ತೆಳುಪದರವೂ ಅಂಟಿಕೊಂಡಿರುವುದರಿಂದ ಅವನ್ನು ಬಿಡಿಸಿ ಮರುಬಳಸುವುದು ಕಷ್ಟ. ಅವನ್ನು ಮನೆಗೆ ತರದಿರುವುದೇ ಉತ್ತಮ ವಿಂಗಡಣೆ.

ಸ್ಯಾನಿಟರಿ ಕಸವನ್ನು, ಎಂದರೆ ಮಕ್ಕಳ ಡೈಪರು, ಮಹಿಳೆಯರ ಪ್ಯಾಡು, ಗಾಯದ ಪಟ್ಟಿ ಮುಂತಾದವನ್ನು, ಕಾಗದದಲ್ಲಿ ಸುತ್ತಿ, ಗುರುತು ತಿಳಿಯುವಂತೆ ಮಾಡಿ, ಪ್ರತ್ಯೇಕವಾಗಿಯೇ ಕೊಡಬೇಕು. ವಿಶೇಷ ಜಾಗ್ರತೆಯ ಕಸ ನಾಲ್ಕನೆಯದು: ಬಣ್ಣದ ಡಬ್ಬ, ಅವಧಿ ಮೀರಿದ ಔಷಧಿ, ಬ್ಯಾಟರಿ, ಸೂಜಿ, ಪಾದರಸವಿರುವ ಟ್ಯೂಬ್‌ಲೈಟು ಹಾಗೂ ಥರ್ಮಾಮೀಟರು, ಕೀಟನಾಶಕದ ಸೀಸೆ. ಒಡೆದ ಟ್ಯೂಬ್‌ಲೈಟಿನ ಪಾದರಸ ಕಣ್ಣಿಗೆ ಕಾಣದೆ ಆವಿಯಾಗುತ್ತದೆ. ಆದುದರಿಂದ ಅದನ್ನು ಒಡೆಯದೆ ಕೊಡಬೇಕು. ಬ್ಲೇಡು ಮತ್ತು ಗಾಜಿನ ಚೂರುಗಳನ್ನು ದಪ್ಪ ಕಾಗದದಲ್ಲಿ ಸುತ್ತಿ ಮೇಲೆ ಬರೆದಿಡುವುದು ಅರ್ಧ ನಿಮಿಷದ ಕೆಲಸ.

ಗೊಬ್ಬರದ ಗುಟ್ಟು

ಭಾರತದ ಮನೆಗಳ ಕಸದಲ್ಲಿ ಅರ್ಧದಷ್ಟು, ಹಲವೆಡೆ ಅದಕ್ಕಿಂತ ಹೆಚ್ಚು, ಹಸಿ ಕಸವೇ. ಇದು ಮನೆಯಲ್ಲಿಯೇ ಗೊಬ್ಬರವಾದರೆ ನಗರದ ಹೊರೆ ಅರ್ಧ ಇಳಿಯಿತು. ಬುಡದಲ್ಲಿಯೂ ಪಕ್ಕದಲ್ಲಿಯೂ ತೂತುಗಳಿರುವ ಮಣ್ಣಿನ ಕುಂಡ ಸಾಕು. ಒಂದು ಪದರ ಹಸಿ ಕಸ, ಅದರ ಮೇಲೆ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ, ನಡುನಡುವೆ ಒಂದು ಹಿಡಿ ಹಳೆಯ ಗೊಬ್ಬರ ಅಥವಾ ಹುಳಿ ಮಜ್ಜಿಗೆ. ಹಸಿಯಲ್ಲಿ ಸಾರಜನಕ, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಸಾರಜನಕದ ಒಂದು ಪಾಲಿಗೆ ಇಂಗಾಲದ ಸುಮಾರು ಮೂವತ್ತು ಪಾಲಿದ್ದರೆ ಸೂಕ್ಷ್ಮಜೀವಿಗಳಿಗೆ ಹಿತ. ಕೈಯಲ್ಲಿ ಹಿಂಡಿದರೆ ತೇವ ತಿಳಿಯಬೇಕು, ನೀರು ತೊಟ್ಟಿಕ್ಕಬಾರದು. ವಾರಕ್ಕೊಮ್ಮೆ ಕೆದಕಿ ಗಾಳಿಯಾಡಿಸಬೇಕು. ನಾತ ಬಂದರೆ ತೇವ ಹೆಚ್ಚಾಯಿತೆಂದು ತಿಳಿದು ಒಣ ಎಲೆ ಸೇರಿಸಬೇಕು. ಎರಡು ಮೂರು ತಿಂಗಳಿಗೆ ಮಳೆಬಿದ್ದ ನೆಲದ ವಾಸನೆಯ ಕಪ್ಪು ಗೊಬ್ಬರ ಸಿದ್ಧ.

ಇದೇ ಹಸಿ ಕಸ ಗಾಳಿಯಾಡದ ರಾಶಿಯಡಿಯಲ್ಲಿ ಸಿಲುಕಿದರೆ ಮಿಥೇನ್ ಅನಿಲವನ್ನು ಬಿಡುತ್ತದೆ. ಅದು ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಇಂಗಾಲಾಮ್ಲಕ್ಕಿಂತ ಅನೇಕ ಪಟ್ಟು ಪ್ರಬಲ, ಬೆಂಕಿಗೂ ಮೂಲ. ರಾಶಿಯ ಬುಡದಿಂದ ಒಸರುವ ಕೊಳೆನೀರು ಅಂತರ್ಜಲವನ್ನು ಸೇರುತ್ತದೆ. ಹನಿ ನೀರಿಗೂ ಕೊಳವೆಬಾವಿಯ ಆಳವನ್ನು ನೋಡುವ ಜಿಲ್ಲೆಯಲ್ಲಿ ಇದು ಸಾಮಾನ್ಯ ನಷ್ಟವಲ್ಲ. ಕಸಕ್ಕೆ ಬೆಂಕಿಯಿಡುವುದಂತೂ ಮತ್ತೂ ಕೆಡುಕು. ಕೆಲವು ಪ್ಲಾಸ್ಟಿಕ್ಕುಗಳ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಘೋರವಿಷವಿರುತ್ತದೆ.

ಕಸ ಮುಟ್ಟುವ ಕೈ

ಇಷ್ಟೆಲ್ಲ ವಿವರಗಳ ಹಿಂದೆ ಒಂದು ಮಾನವೀಯ ಪ್ರಶ್ನೆಯಿದೆ. ಮನೆಯವರು ಬೇರ್ಪಡಿಸದಿದ್ದರೆ ಬೇರ್ಪಡಿಸುವವರಾರು? ಮುಂಜಾನೆಯ ಚಳಿಯಲ್ಲಿ ಗಾಡಿ ತಳ್ಳಿಕೊಂಡು ಬರುವ ಪೌರಕಾರ್ಮಿಕರು. ಮನೆಯೊಡತಿ ಅರಿಯದೆ ಅನ್ನದೊಡನೆ ಹಾಕಿದ ಬ್ಲೇಡು ಅವರ ಅಂಗೈಯನ್ನು ಸೀಳುತ್ತದೆ. ಸುತ್ತದೆ ಎಸೆದ ಸೂಜಿ ರೋಗವನ್ನು ದಾಟಿಸುತ್ತದೆ. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಹೀನಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಅದೇ ದಶಕದಲ್ಲಿ ಐ. ಪಿ. ಡಿ. ಸಾಲಪ್ಪ ಅವರ ವರದಿಯು ಪ್ರತಿ 500 ಜನರಿಗೆ ಒಬ್ಬ ಪೌರಕಾರ್ಮಿಕ ಇರಬೇಕೆಂದು ಸೂಚಿಸಿತು. ತಲೆಯ ಹೊರೆ ಇಳಿಯಿತು. ಆದರೆ ಇತರರ ಎಂಜಲನ್ನು ಬರಿಗೈಯಲ್ಲಿ ಕೆದಕುವ ಕಷ್ಟ ಬೆರೆತ ಕಸವಿರುವವರೆಗೆ ಇಳಿಯದು. ಕೈಗವಸು ಕೊಡುವುದು ನಗರಸಭೆಯ ಹೊಣೆ. ಕೈಗವಸನ್ನೂ ಹರಿಯುವ ಚೂರನ್ನು ಕಸದಲ್ಲಿ ಅಡಗಿಸದಿರುವುದು ಮನೆಯವರ ಹೊಣೆ.

ಮೂಕಪ್ರಾಣಿಗಳ ಪಾಡೂ ಇದೇ. ಗಂಟುಕಟ್ಟಿದ ಚೀಲದೊಳಗಿನ ಅನ್ನದ ವಾಸನೆಗೆ ಬಂದ ಹಸು ಚೀಲಸಹಿತ ನುಂಗುತ್ತದೆ. ಪ್ಲಾಸ್ಟಿಕ್ ಅದರ ಹೊಟ್ಟೆಯಲ್ಲಿ ಉಂಡೆಗಟ್ಟುತ್ತದೆ. ಹೊಟ್ಟೆ ತುಂಬಿದಂತೆ ಕಂಡರೂ ಹಸು ಸೊರಗಿ ಸಾಯುತ್ತದೆ. ಗೋವಿಗೆ ಗ್ರಾಸವಿಡುವ ಪುಣ್ಯವನ್ನು ಬಯಸುವವರು ಮೊದಲು ಆ ಗಂಟನ್ನು ಬಿಚ್ಚಬೇಕು.

ದಾಸೋಹ ಮತ್ತು ಶಾಲೆ

ಹನ್ನೆರಡನೆಯ ಶತಮಾನದಲ್ಲಿ ಸತ್ಯಕ್ಕ ಶಿವಭಕ್ತರ ಅಂಗಳವನ್ನು ಗುಡಿಸುವುದನ್ನೇ ಕಾಯಕವಾಗಿ ಸ್ವೀಕರಿಸಿದಳು. ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದ. ಅಗತ್ಯಕ್ಕಿಂತ ಹೆಚ್ಚು ತಂದಾಗ ಮಡದಿ ಲಕ್ಕಮ್ಮ ಅದನ್ನು ಮರಳಿ ಸುರಿದುಬರಲು ಹೇಳಿದಳು. ಈ ಕಥೆಯನ್ನು ಕಸದ ಕಣ್ಣಿನಿಂದ ನೋಡಿದರೆ ಎರಡು ತತ್ತ್ವಗಳು ಹೊಳೆಯುತ್ತವೆ: ಬಿದ್ದುದನ್ನು ಆಯ್ದುಕೊಳ್ಳುವುದು ಅಗೌರವವಲ್ಲ, ಬೇಕಾದುದಕ್ಕಿಂತ ಹೆಚ್ಚನ್ನು ಮನೆಗೆ ತರುವುದು ಗೌರವವಲ್ಲ. ಇಂದಿನ ವಿಜ್ಞಾನವೂ ಮೊದಲು ಕಡಿಮೆ ಮಾಡು, ಬಳಿಕ ಮರುಬಳಸು, ಆಮೇಲೆ ಮರುಉತ್ಪಾದಿಸು ಎಂಬ ಕ್ರಮವನ್ನೇ ಹೇಳುತ್ತದೆ.

ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭವನ್ನು ಪರವಾನಗಿಯಿಲ್ಲದ ಸ್ಥಳದಲ್ಲಿ ನಡೆಸುವುದಾದರೆ ಮೂರು ಕೆಲಸದ ದಿನ ಮುಂಚಿತವಾಗಿ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಅಲ್ಲಿಯೇ ಕಸ ಬೇರ್ಪಡಿಸಬೇಕು ಎಂದು 2016ರ ನಿಯಮಾವಳಿ ವಿಧಿಸಿತು. ದಿನಕ್ಕೆ 100 ಕಿಲೋಗ್ರಾಮಿಗಿಂತ ಹೆಚ್ಚು ಕಸ ಮಾಡುವ ವಿದ್ಯಾರ್ಥಿನಿಲಯ, ಛತ್ರಗಳಿಗೆ ದೊಡ್ಡ ಉತ್ಪಾದಕರೆಂಬ ಪ್ರತ್ಯೇಕ ಹೊಣೆಯುಂಟು. ಪಂಕ್ತಿಯಲ್ಲಿ ಪ್ಲಾಸ್ಟಿಕ್ ಲೇಪದ ಕಾಗದದ ತಟ್ಟೆಯ ಬದಲು ಬಾಳೆಯೆಲೆಯನ್ನೋ ಮುತ್ತುಗದ ಎಲೆಯನ್ನೋ ಹಾಸಿದರೆ ಊಟವಾದೊಡನೆ ಎಲೆಯೂ ಎಂಜಲೂ ಒಟ್ಟಿಗೆ ಗೊಬ್ಬರಗುಂಡಿಗೆ ಹೋಗಬಹುದು. ತೊಳೆಯುವ ಸ್ಟೀಲು ತಟ್ಟೆಯಾದರೆ ಎಲೆಯೂ ಬೇಡ. ದಾನಿಗಳು ಕಟ್ಟಡಕ್ಕೆ ನೀಡುವಂತೆಯೇ ಒಂದು ಗೊಬ್ಬರದ ತೊಟ್ಟಿಗೂ ನೀಡಬಹುದು. ಅದರ ಗೊಬ್ಬರದಿಂದ ಬೆಳೆದ ನುಗ್ಗೆ, ಕರಿಬೇವು ಮಕ್ಕಳ ಸಾರಿಗೇ ಮರಳುತ್ತದೆ.

ಅಧ್ಯಾಪಕರ ಪಾತ್ರ ಇವೆಲ್ಲಕ್ಕಿಂತ ಹಿರಿದು. ವಿಂಗಡಣೆಯೆಂಬುದು ಒಂದು ದಿನದ ಭಾಷಣದಿಂದ ಬರುವ ಗುಣವಲ್ಲ. ಪ್ರತಿದಿನದ ಅಭ್ಯಾಸದಿಂದ ಕೈಗೆ ಹತ್ತುವ ಸಂಸ್ಕಾರ. ವ್ಯಾಕರಣದಲ್ಲಿ ಪ್ರಕೃತಿ-ಪ್ರತ್ಯಯಗಳನ್ನು ಬೇರ್ಪಡಿಸಲು ಕಲಿಯುವ ಬಾಲಕನು ಹಸಿ-ಒಣಗಳನ್ನು ಬೇರ್ಪಡಿಸಲು ಕಲಿಯಲಾರನೆ? ತಾಯಂದಿರು ಮೊರದಲ್ಲಿ ಅಕ್ಕಿಯನ್ನು ಕೇರಿ, ಕಲ್ಲು ಆರಿಸಿ, ನುಚ್ಚನ್ನು ಬೇರೆಯಿಡುವುದನ್ನು ನೋಡುತ್ತಲೇ ಈ ನಾಡಿನ ಮಕ್ಕಳು ಬೆಳೆದಿದ್ದಾರೆ. ಉಣ್ಣುವ ಮುನ್ನ ತೋರುವ ಆ ಎಚ್ಚರವನ್ನು ಉಂಡ ಮೇಲೂ ತೋರಿದರೆ, ಚಂದ್ರವಳ್ಳಿಯ ನೆಲವನ್ನು ಮುಂದೆಂದೋ ಅಗೆಯುವವರು ಈ ಕಾಲದ ಸ್ತರವನ್ನು ಕಂಡು ನಾಚಿ ಮುಖ ತಿರುಗಿಸಬೇಕಾಗುವುದಿಲ್ಲ.